ಮರುಳಪ್ಪನವರ ಕಾರಿಗೆ ಇನ್ನೆರಡು ಕುದುರೆ

ಆ ವರ್ಷ ಯುಗಾದಿಗೆ ನಮ್ಮೂರ ದಿಬ್ಬ ಒಂದೂವರೆ ಆಳು ಬೆಳೆಯಿತು. ಸಾಮಾನ್ಯವಾಗಿ ವರ್ಷಕ್ಕೆ ಒಂದಾಳು. ಅರ್ಧ ಆಳು ಜಾಸ್ತಿಯಾಯಿತೆಂದು ಯಾರೂ ಎದೆ ಬಡಿದುಕೊಳ್ಳಲಿಲ್ಲ. ಪಂಚಾಯಿತಿ ಗುಮಾಸ್ತ ಎರಡು ಸಲ ಅಳೆದ, ಗೋಡೆಯ ಮೇಲೆ ಸುಣ್ಣದಲ್ಲಿ ಬರೆದ, ಹೋಳಿಗೆ ಆರಿಹೋಗುತ್ತದೆಂದು ಮನೆಗೆ ಓಡಿದ. ಸಂಜೆಯ ಹೊತ್ತಿಗೆ ನನ್ನ ರಿಪೇರಿ ಶೆಡ್ಡಿನ ಮುಂದೆ ಹನ್ನೊಂದು ಹಳೇ ಕಾರುಗಳು ಸಾಲಾಗಿ ನಿಂತಿದ್ದವು. ಹಬ್ಬದ ದಿನ ಹೊಟ್ಟೆ ತುಂಬ ತಿಂದು ಮಲಗುವ ಭಾಗ್ಯ ನನ್ನ ಹಣೆಯಲ್ಲಿ ಬರೆದಿಲ್ಲ.

ದಿಬ್ಬದ ನೆತ್ತಿಯಲ್ಲಿ ಮೇಲ್ಪೇಟೆ, ಬುಡದಲ್ಲಿ ಕೆಳಪೇಟೆ. ಎರಡೂ ಸೇರಿ ಒಂದೇ ಊರು. ನಡುವೆ ಐದು ತಿರುವಿನ ರಸ್ತೆ. ಐದನೇ ತಿರುವಿನವರೆಗೆ ಅದು ಎಲ್ಲ ಊರಿನ ಏರುರಸ್ತೆಯ ಹಾಗೆಯೇ ಇದೆ, ಎಮ್ಮೆಯೂ ಹತ್ತುತ್ತದೆ. ದಿಬ್ಬ ಬೆಳೆಯುವುದೆಲ್ಲ ಅದರಾಚೆಯ ಅರವತ್ತು ಹೆಜ್ಜೆಯಲ್ಲಿ. ಎಷ್ಟು ಬೆಳೆದರೂ ಅದು ಅರವತ್ತೇ ಹೆಜ್ಜೆ, ಕಡಿದಾಗುತ್ತಾ ಹೋಗುತ್ತದೆ ಅಷ್ಟೆ. ಅರವತ್ತನೆಯದರಲ್ಲಿ ಮೇಲ್ಪೇಟೆಯ ಗಡಿಕಲ್ಲು. ರಸ್ತೆಯಂಚಿಗೆ ಕಬ್ಬಿಣದ ಸರಪಳಿ ಬಿಗಿದಿದ್ದಾರೆ. ಅದನ್ನು ಹಿಡಿದು ಮೇಲೆ ಮುಟ್ಟುವವರು ಇಪ್ಪತ್ತರ ಆಸುಪಾಸಿನ ಗಟ್ಟಿಗರು ಮಾತ್ರ. ನಾನು ಇಪ್ಪತ್ತನೇ ಹೆಜ್ಜೆಗೆ ಉಸಿರು ಬಿಟ್ಟು ಕೂರುತ್ತೇನೆ. ಬಸ್ಸು ನಿಂತದ್ದು ನನಗೆ ಮೀಸೆ ಬರುವ ಮುಂಚೆ. ಸಾಮಾನು ಸರಂಜಾಮು, ಕಾಗದ ಪತ್ರ ಎಲ್ಲ ತಂತಿಗೆ ನೇತುಹಾಕಿದ ಬುಟ್ಟಿಯಲ್ಲಿ ಹೋಗಿಬರುತ್ತವೆ. ಮನುಷ್ಯರನ್ನು ಬುಟ್ಟಿಯಲ್ಲಿ ಕೂರಿಸಬಾರದೆಂದು ಎರಡೂ ಪೇಟೆಯವರು ಒಪ್ಪಿಕೊಂಡಿದ್ದಾರೆ. ಒಮ್ಮೆ ಒಂದು ಮೇಕೆಯನ್ನು ಕೂರಿಸಿ ನೋಡಿದ್ದರು, ಆ ವಿಷಯ ಬೇಡ.

ಹೀಗಾಗಿ ನಮ್ಮಲ್ಲಿ ಮುದುಕಿಯರಿಗೂ ಕುದುರೆಯ ಲೆಕ್ಕ ಗೊತ್ತು. ಎಂಜಿನ್ನಿನ ಬಲವನ್ನು ಪುಸ್ತಕದಲ್ಲಿ ಅಶ್ವಶಕ್ತಿ ಅನ್ನುತ್ತಾರಂತೆ, ನಾವು ಕುದುರೆ ಅಂದುಬಿಡುತ್ತೇವೆ. ಹೊಸದಾಗಿದ್ದಾಗ ನಲವತ್ತು ಕುದುರೆ ಇದ್ದ ಕಾರು ಹದಿನೈದು ವರ್ಷಕ್ಕೆ ಮೂವತ್ತಕ್ಕೆ ಬಂದು ನಿಲ್ಲುತ್ತದೆ. ಅತ್ತ ದಿಬ್ಬ ಬೆಳೆಯುತ್ತದೆ, ಇತ್ತ ಕುದುರೆ ಕಡಿಮೆಯಾಗುತ್ತದೆ. ಕೆಳಪೇಟೆಯ ಗಂಡಿಗೆ ಮೇಲ್ಪೇಟೆಯ ಹೆಣ್ಣು ಕೇಳಲು ಹೋದರೆ ಹೆಣ್ಣಿನ ಅಜ್ಜಿ ಮೊದಲು ಕೇಳುವ ಪ್ರಶ್ನೆ, "ಹುಡುಗನ ಹತ್ರ ಎಷ್ಟು ಕುದುರೆ ಇದೆ?"

ಇನ್ನೊಂದು ಮಾತು ಹೇಳಬೇಕು. ಅದನ್ನು ಬರೆಯಬಹುದು, ಬಾಯಲ್ಲಿ ಆಡಬಾರದು. ಇಳಿ ಎಂಬ ಮಾತು. ಮೇಲ್ಪೇಟೆಯವರು ಒಮ್ಮೆ ಕೆಳಗೆ ಬಂದರೆ ತಿರುಗಿ ಹೋಗುವುದು ಅವರ ಕೈಯಲ್ಲಿಲ್ಲ; ಮೇಲೆ ಒಂದು ಕಾರೂ ಇಲ್ಲ, ಕೆಳಗಿನ ಹಳೇ ಕಾರುಗಳು ಓಡಿಸುವವನೊಬ್ಬನನ್ನು ಹೊರುವುದೇ ಹೆಚ್ಚು. ಅದಕ್ಕೆ ಅವರನ್ನು ಇಳಿದವರು ಎನ್ನುತ್ತಾರೆ. ಆ ಮಾತು ಅವರಿಗಷ್ಟೇ ಮೀಸಲು. ಜ್ವರ ನಮ್ಮಲ್ಲಿ ಬಿಡುತ್ತದೆ, ಬೆಲೆ ಕಮ್ಮಿಯಾಗುತ್ತದೆ, ಒಲೆಯ ಮೇಲಿನ ಪಾತ್ರೆಯನ್ನು ಎತ್ತಿಡುತ್ತೇವೆ. ಮೇಲಿನವರನ್ನು ಇಳಿದು ಬಾ ಎಂದು ಕರೆಯುವುದೆಂದರೆ ನಿನ್ನ ಮನೆ, ನಿನ್ನ ಜನ, ನಿನ್ನ ಬಾವಿ ಎಲ್ಲವನ್ನೂ ಬಿಟ್ಟು ಬಾ ಎಂದ ಹಾಗೆ. ಹೆತ್ತ ತಾಯಿಯೂ ಮಗಳಿಗೆ ಹಾಗೆ ಅನ್ನುವುದಿಲ್ಲ.

ಮರುಳಪ್ಪನವರು ಕೆಳಪೇಟೆಯ ಹಿಟ್ಟಿನ ಗಿರಣಿಯವರು. ಅವರ ಹೆಂಡತಿ ಗುರುಶಾಂತಮ್ಮ ಮೇಲ್ಪೇಟೆಯ ನರ್ಸಮ್ಮ. ಊರಿಗೆಲ್ಲ ಅದೊಂದೇ ಗಿರಣಿ, ಮೇಲ್ಪೇಟೆಗೆಲ್ಲ ಅವರೊಬ್ಬರೇ ನರ್ಸು. ಮದುವೆಯ ಮಾತುಕತೆಯ ದಿನವೇ ಇಬ್ಬರೂ ಒಪ್ಪಂದ ಮಾಡಿಕೊಂಡರಂತೆ: ನಾನು ನಿನ್ನನ್ನು ಕರೆಯುವುದಿಲ್ಲ, ನೀವು ನನ್ನನ್ನು ಕರೆಯಬೇಡಿ. ಇಪ್ಪತ್ತಾರು ವರ್ಷ ಮರುಳಪ್ಪನವರು ಪ್ರತಿ ಶನಿವಾರ ಬೆಳಿಗ್ಗೆ ಗಿರಣಿಗೆ ಬೀಗ ಹಾಕಿ, ತಲೆಯ ಹಿಟ್ಟು ಒರೆಸಿಕೊಂಡು, ತಮ್ಮ ಬೂದುಬಣ್ಣದ ಕಾರಿನಲ್ಲಿ ಮೇಲೆ ಹೋದರು. ಸೋಮವಾರ ವಾಪಸ್ ಬಂದರು. ಊರವರು ಶನಿವಾರದ ಗಂಡ ಎಂದು ಛೇಡಿಸಿದರೆ ನಗುತ್ತಿದ್ದರು. ಅವರಿಗೆ ಮಕ್ಕಳಿಲ್ಲ. ಮೇಲ್ಪೇಟೆಯ ಮಕ್ಕಳೆಲ್ಲ ಹುಟ್ಟಿದ್ದು ಗುರುಶಾಂತಮ್ಮನ ಕೈಯಲ್ಲಿ.

ಯುಗಾದಿ ಕಳೆದ ಮೊದಲ ಮಂಗಳವಾರ ಮರುಳಪ್ಪನವರು ಬಂದು ನನ್ನ ಶೆಡ್ಡಿನ ಬೆಂಚಿನ ಮೇಲೆ ಕೂತರು. ಎಡಗಾಲಿನ ಮಂಡಿಯನ್ನು ನೀವಿಕೊಳ್ಳುತ್ತಿದ್ದರು. ಚೀಲ ಹೊತ್ತು ಹೊತ್ತು ಸವೆದ ಮಂಡಿ ಅದು.

"ಆಚಾರ್ರೇ, ಮೊನ್ನೆ ಶನಿವಾರ ಹದಿನೆಂಟನೇ ಹೆಜ್ಜೆಗೆ ನಿಂತೋಯ್ತು."

"ಗೊತ್ತು. ಊರಿಗೆಲ್ಲ ಗೊತ್ತು."

"ಅವಳು ಗಡಿಕಲ್ಲಿನ ಹತ್ರ ಬಂದು ನಿಂತಿದ್ಲು. ಮುಖ ಕಾಣ್ಲಿಲ್ಲ, ಬಿಸಿಲು ಕಣ್ಣಿಗೆ ಹೊಡೀತಿತ್ತು. ಸೀರೆ ಬಣ್ಣ ಕಾಣ್ತು, ಅಷ್ಟೆ." ಟೋಪಿ ತೆಗೆದರು. "ಹೊಸ ಕಾರು ಈ ಜನ್ಮಕ್ಕೆ ಆಗೋ ಮಾತಲ್ಲ. ಇದಕ್ಕೇ ಏನಾದ್ರೂ ಮಾಡಿ. ಇನ್ನೆರಡು ಕುದುರೆ ಸಿಕ್ಕಿದ್ರೆ ಸಾಕು."

ಎರಡು ಕುದುರೆಯಿಂದ ಏನೂ ಆಗುವುದಿಲ್ಲವೆಂದು ನನಗೆ ಆಗಲೇ ಗೊತ್ತಿತ್ತು. ಅರವತ್ತರ ಹತ್ತಿರದ ಮನುಷ್ಯ ಕೈಯಲ್ಲಿ ಟೋಪಿ ಹಿಡಿದು ಹಾಗೆ ಕೇಳಿದರೆ ಆಗುವುದಿಲ್ಲ ಅನ್ನಲು ನನಗೆ ಬಾಯಿ ಬರಲಿಲ್ಲ. ನಮ್ಮಪ್ಪ ಗಾಡಿಯ ಚಕ್ರಕ್ಕೆ ಪಟ್ಟಿ ಕಟ್ಟುತ್ತಿದ್ದವರು. ಗಿರಾಕಿಗೆ ಸುಳ್ಳು ಹೇಳಬೇಡ ಎಂದು ನನಗೆ ಕಲಿಸಿದ್ದರು. ನಾನು ಸುಳ್ಳು ಹೇಳಲಿಲ್ಲ, "ನೋಡೋಣ ಬಿಡಿ" ಅಂದೆ.

ಹಳೇ ಕಾರಿನಲ್ಲಿ ಖರ್ಚಿಲ್ಲದೆ ಕುದುರೆ ಹುಡುಕುವುದು ಹೇಗೆಂದು ಕೇಳಿದರೆ ನಾನು ಹೇಳುವುದು ಒಂದೇ: ಹೊಸದು ಸೇರಿಸುವ ಮುಂಚೆ ಕಳೆದುಹೋದವು ಎಲ್ಲಿವೆ ನೋಡು. ಎಂಜಿನ್ ಉಸಿರೆಳೆದುಕೊಳ್ಳುವ ಕಡೆ ಒಂದು ಫಿಲ್ಟರ್ ಇರುತ್ತದೆ. ಮರುಳಪ್ಪನವರ ಕಾರು ಇಪ್ಪತ್ತಾರು ವರ್ಷ ನಿಂತದ್ದು ಗಿರಣಿಯ ಅಂಗಳದಲ್ಲಿ. ಫಿಲ್ಟರ್ ಬಿಚ್ಚಿ ಪೇಪರಿನ ಮೇಲೆ ತಟ್ಟಿದೆ, ಒಂದು ರೊಟ್ಟಿಗಾಗುವಷ್ಟು ಹಿಟ್ಟು ಬಿತ್ತು. "ಜೋಳದ್ದು" ಅಂದರು ಮರುಳಪ್ಪ, ಮೂಸಿ ನೋಡಿ. ನನಗೆ ಸಿಟ್ಟೇ ಬಂತು. ಇಷ್ಟು ವರ್ಷ ಈ ಬಡಪಾಯಿ ಕಾರು ಮೂಗಿಗೆ ಬಟ್ಟೆ ಕಟ್ಟಿಕೊಂಡು ಗುಡ್ಡ ಹತ್ತಿದೆಯಲ್ಲ, ನಿಮಗೇನಾದರೂ ಕರುಣೆ ಇದೆಯೇ ಎಂದು ಬೈದೆ. ಅವರು ಬೈಸಿಕೊಂಡರು. ಬೇರೆ ಫಿಲ್ಟರ್ ಹಾಕಿದೆ, ಚಕ್ರಗಳಿಗೆ ಸರಿಯಾಗಿ ಗಾಳಿ ತುಂಬಿದೆ. ಆ ಶನಿವಾರ ಇಪ್ಪತ್ತೇಳನೇ ಹೆಜ್ಜೆಯವರೆಗೆ ಹೋಯಿತು.

ಎರಡನೇ ವಾರ ಪ್ಲಗ್ಗುಗಳನ್ನು ಉಜ್ಜಿ ಕಿಡಿಯ ಸಂದು ಸರಿಮಾಡಿದೆ, ಕಿಡಿ ಹಾರುವ ಹೊತ್ತನ್ನು ಕೂದಲೆಳೆಯಷ್ಟು ಮುಂದೆ ತಂದೆ, ಕಾರ್ಬುರೇಟರ್ ಬಿಚ್ಚಿ ತೊಳೆದೆ, ಎಂಜಿನ್ನಿನ ಮುಚ್ಚಳ ತೆಗೆದು ಒಳಗೆ ಕಟ್ಟಿದ್ದ ಮಸಿ ಕೆರೆದೆ. ಮೂವತ್ತಾರನೇ ಹೆಜ್ಜೆ. ಮರುಳಪ್ಪನವರು ವಾಪಸ್ ಬಂದು, "ಇವತ್ತು ಮುಖ ಕಾಣ್ತು ಆಚಾರ್ರೇ. ಸೊರಗಿದಾಳೆ" ಅಂದರು. ಮಂಗಳವಾರ ಬುಟ್ಟಿಯಲ್ಲಿ ಗುರುಶಾಂತಮ್ಮನ ಚೀಟಿ ಬಂತು. ನನಗೂ ತೋರಿಸಿದರು. ಕಾರು ಹೇಗಿದೆ ಎಂದು ಅದರಲ್ಲಿ ಒಂದಕ್ಷರವೂ ಇರಲಿಲ್ಲ. ಮಂಡಿಗೆ ಎಣ್ಣೆ ಹಚ್ಚುತ್ತಿದ್ದೀರಾ, ರಾತ್ರಿ ಬರೀ ಮಂಡಕ್ಕಿ ತಿಂದು ಮಲಗುತ್ತಿಲ್ಲ ತಾನೇ ಎಂದಿತ್ತು. ಅವರು ಅದನ್ನು ಮಡಿಸಿ ಜೇಬಿಗಿಟ್ಟುಕೊಂಡು, "ಮಂಡಕ್ಕಿ ವಿಷಯ ಯಾರು ಹೇಳಿರ್ಬೋದು?" ಎಂದು ನನ್ನನ್ನೇ ಗುಮಾನಿಯಿಂದ ನೋಡಿದರು. ಹೇಳಿದ್ದು ನಾನೇ. ಬುಟ್ಟಿಯಲ್ಲಿ ನಾನೂ ಒಂದು ಚೀಟಿ ಹಾಕಿದ್ದೆ.

ಮೂರನೇ ವಾರದಿಂದ ನನಗೆ ಹಟ ಹಿಡಿಯಿತು. ಕುದುರೆ ಸೇರಿಸುವುದು ಕಷ್ಟ, ಭಾರ ಕಳೆಯುವುದು ಸುಲಭ. ಎಳೆಯುವ ಕುದುರೆಗೆ ಎರಡೂ ಒಂದೇ. ಹಿಂದಿನ ಸೀಟು ತೆಗೆದೆ, ಸ್ಟೆಪ್ನಿ ತೆಗೆದೆ, ಬಂಪರ್ ಎರಡೂ ಬಿಚ್ಚಿದೆ. ಡ್ರೈವರ್ ಪಕ್ಕದ ಸೀಟು ಕಿತ್ತು ಗೋಣಿಚೀಲ ಹಾಸಿದೆ. ಬಾಗಿಲಿನ ಒಳಗಿನ ಹಲಗೆ, ಜಾಕು, ಹಾರನ್ನು, ಕೊನೆಗೆ ಹ್ಯಾಂಡ್ ಬ್ರೇಕಿನ ಹಿಡಿಯನ್ನೂ ಅದರ ತಂತಿಯನ್ನೂ ಬಿಚ್ಚಿ ಗೋಡೆಗೆ ನೇತುಹಾಕಿದೆ. ಸೈಲೆನ್ಸರ್ ಜಾಗಕ್ಕೆ ನೆಟ್ಟನೆಯ ಕೊಳವೆ ಹಾಕಿದೆ. ಎಣ್ಣೆಯ ಡಬ್ಬ ಕತ್ತರಿಸಿ ಆಲಿಕೆಯ ಹಾಗೆ ಬಡಿದು, ಬಿಸಿ ಎಂಜಿನ್ನಿಗೆ ಹೊರಗಿನ ತಣ್ಣನೆ ಗಾಳಿ ನುಗ್ಗುವ ಹಾಗೆ ಮಾಡಿದೆ. ಇದೆಲ್ಲ ಮುಗಿಯಲು ಎರಡು ವಾರ ಬೇಕಾಯಿತು. ಬೇರೆ ಹನ್ನೊಂದು ಕಾರಿನವರು ನನ್ನ ಮೇಲೆ ಮುಖ ಊದಿಸಿಕೊಂಡು ಕೂತರು, ಕೂರಲಿ ಎಂದುಕೊಂಡೆ.

"ಬೆಳಿಗ್ಗೆ ಬಿಸಿಲು ಬರೋಕೆ ಮುಂಚೆ ಹೋಗಿ. ತಣ್ಣನೆ ಗಾಳೀಲಿ ಎಂಜಿನ್ನಿಗೆ ಕಸುವು ಜಾಸ್ತಿ. ಪೆಟ್ರೋಲು ಒಂದೇ ಲೀಟರು. ತಿಂಡಿ ತಿನ್ಬೇಡಿ" ಅಂದೆ.

"ನೀರು ಕುಡೀಬೋದಾ?"

"ಅರ್ಧ ಲೋಟ."

ಆ ಶನಿವಾರ ನಾನು ಬೆಳಕು ಹರಿಯುವಾಗಲೇ ಐದನೇ ತಿರುವಿಗೆ ನಡೆದು ಹೋಗಿ ಕೂತೆ. ಕಾರು ನಿಂತರೆ ಚಕ್ರದ ಹಿಂದೆ ಇಡಲು ಒಂದು ಕಲ್ಲನ್ನು ಬೆನ್ನಿಗೆ ಕಟ್ಟಿಕೊಂಡಿದ್ದೆ. ಕಾರು ಕಿವಿ ಕಿವುಡಾಗುವಂತೆ ಅರಚುತ್ತಾ ಬಂತು, ನನ್ನನ್ನು ದಾಟಿತು, ಇಪ್ಪತ್ತು, ಮೂವತ್ತು, ನಲವತ್ತು ಹೆಜ್ಜೆ ದಾಟಿತು. ನಾನು ಸರಪಳಿ ಹಿಡಿದು ಹಿಂದೆಯೇ ಏರುತ್ತಾ, ಹೋಗು ತಾಯಿ, ಹೋಗು ತಾಯಿ ಎಂದು ಹುಚ್ಚನ ಹಾಗೆ ಕೂಗುತ್ತಿದ್ದೆ. ಐವತ್ತೊಂದನೇ ಹೆಜ್ಜೆಗೆ ಎಂಜಿನ್ ಒಮ್ಮೆ ಕೆಮ್ಮಿ ನಿಂತಿತು.

ಮರುಳಪ್ಪನವರು ಬ್ರೇಕ್ ಒತ್ತಿ ಹಿಡಿದರು. ಗಡಿಕಲ್ಲು ಒಂಬತ್ತು ಹೆಜ್ಜೆ ದೂರ. ಅದರ ಪಕ್ಕದಲ್ಲಿ ಗುರುಶಾಂತಮ್ಮ ನಿಂತಿದ್ದರು, ಕೈಯಲ್ಲಿ ಬುತ್ತಿ. ಒಂಬತ್ತು ಹೆಜ್ಜೆಯನ್ನು ಮರುಳಪ್ಪನವರು ಸರಪಳಿ ಹಿಡಿದು ತೆವಳಿಕೊಂಡಾದರೂ ಹೋಗುತ್ತಿದ್ದರು. ಆದರೆ ಬ್ರೇಕಿನಿಂದ ಕಾಲು ತೆಗೆದರೆ ಕಾರು ಹಿಂದಕ್ಕೆ ಜಾರುತ್ತದೆ, ಹಿಂದೆ ನಾನಿದ್ದೇನೆ. ಹ್ಯಾಂಡ್ ಬ್ರೇಕ್ ನನ್ನ ಶೆಡ್ಡಿನ ಗೋಡೆಯ ಮೇಲಿತ್ತು. ಕಲ್ಲು ನನ್ನ ಬೆನ್ನ ಮೇಲಿತ್ತು, ನಾನು ಇಪ್ಪತ್ತೆರಡನೇ ಹೆಜ್ಜೆಯಲ್ಲಿ ಉಸಿರು ಸಿಗದೆ ಸರಪಳಿಗೆ ಜೋತುಬಿದ್ದಿದ್ದೆ. ನನ್ನ ಜೀವಮಾನದಲ್ಲಿ ನನ್ನ ಕೆಲಸದ ಬಗ್ಗೆ ನನಗೆ ಅಷ್ಟು ನಾಚಿಕೆಯಾದದ್ದು ಆವತ್ತೇ.

"ವಾಪಸ್ ಹೋಗಿ ರೀ" ಎಂದು ಗುರುಶಾಂತಮ್ಮ ಕೂಗಿದರು. "ಮಂಡಿ ನಡುಗ್ತಾ ಇರುತ್ತೆ ನಿಮ್ದು. ಬ್ರೇಕ್ ಬಿಡ್ತಾ ಬಿಡ್ತಾ ಮೆಲ್ಲಗೆ ಹೋಗಿ."

"ಹೋಗಲ್ಲ."

"ಮುಂದಿನ ಶನಿವಾರ ಬರ್ತೀರಂತೆ."

"ಮುಂದಿನ ಶನಿವಾರ ಇದಕ್ಕಿಂತ ಮುಂದೆ ಬರೋಕಾಗಲ್ಲ ಗುರುಶಾಂತಾ. ಆಚಾರ್ರು ಎಲ್ಲಾನೂ ಬಿಚ್ಚಿ ಆಯ್ತು. ಇನ್ನು ಬಿಚ್ಚೋಕೆ ಏನೂ ಉಳಿದಿಲ್ಲ."

ಬ್ರೇಕ್ ಕಿರುಗುಟ್ಟುತ್ತಿದ್ದುದು ನನಗೆ ಕೇಳಿಸುತ್ತಿತ್ತು. ಕಾಲು ನಡುಗುತ್ತಿದೆ ಎಂದು ಅದರಿಂದಲೇ ತಿಳಿಯಿತು. ಆಗ ಮರುಳಪ್ಪನವರು ಆ ಮಾತು ಆಡಿದರು. ಗಟ್ಟಿಯಾಗಿಯೂ ಆಡಲಿಲ್ಲ, ಆದರೆ ಎಂಜಿನ್ ನಿಂತ ಮೇಲೆ ಆ ಬೆಟ್ಟದಲ್ಲಿ ಬೇರೆ ಸದ್ದೇ ಇರಲಿಲ್ಲ.

"ಇಳಿದು ಬಂದ್ಬಿಡು."

ಮೇಲೆ ಗಡಿಕಲ್ಲಿನ ಹಿಂದೆ ಏಳೆಂಟು ಜನ ಸೇರಿದ್ದರು, ಅವರೂ ಕೇಳಿಸಿಕೊಂಡರು. ಗುರುಶಾಂತಮ್ಮ ಬುತ್ತಿಯನ್ನು ಎಡಗೈಗೆ ಬದಲಾಯಿಸಿಕೊಂಡು, ಬಲಗೈಯಲ್ಲಿ ಸರಪಳಿ ಹಿಡಿದು ಕಲ್ಲು ದಾಟಿದರು. ಒಂಬತ್ತು ಹೆಜ್ಜೆಗೆ ಎಷ್ಟು ಹೊತ್ತು ಹಿಡಿಯಿತೋ! ನಡುವೆ ಒಮ್ಮೆ ಚಪ್ಪಲಿ ಜಾರಿ ಕೂತುಬಿಟ್ಟರು, ಎದ್ದರು. ಮೇಲಿನಿಂದ ಒಂದು ಮಗು "ನರ್ಸಮ್ಮಾ" ಎಂದು ಕರೆಯಿತು. ತಾಯಿ ಅದರ ಬಾಯಿ ಮುಚ್ಚಿದಳು. ಗುರುಶಾಂತಮ್ಮ ಬಾಗಿಲು ತೆಗೆದು, ಸೀಟು ಇಲ್ಲದ್ದನ್ನು ನೋಡಿ, "ಇದೇನ್ರೀ ಇದು, ಕೂರೋಕೆ ಒಂದು ಮಣೆನಾದ್ರೂ ಇಡಬಾರ್ದಾ" ಎಂದು ಗೋಣಿಚೀಲದ ಮೇಲೆ ಕೂತು ಬಾಗಿಲು ಎಳೆದುಕೊಂಡರು.

ಒಳಗೆ ಅವರೇನು ಮಾತಾಡಿದರೆಂದು ಮರುಳಪ್ಪನವರೇ ಆಮೇಲೆ ನನಗೆ ಹೇಳಿದರು. ಜಯಶೀಲ ಎಂಬ ಹುಡುಗಿಗೆ ಗುರುಶಾಂತಮ್ಮ ಕೆಲಸ ಕಲಿಸಿದ್ದರು. ಆಗಲೇ ಎರಡು ವರ್ಷದಿಂದ ಹೆರಿಗೆಗಳನ್ನೆಲ್ಲ ಆ ಹುಡುಗಿಯೇ ಮಾಡಿಸುತ್ತಿದ್ದಳಂತೆ. "ಎರಡು ವರ್ಷದಿಂದ ಯಾಕೆ ಹೇಳ್ಲಿಲ್ಲ?" ಎಂದು ಇವರು ಕೇಳಿದರೆ, ಅವರು, "ನೀವು ಕರೀಲಿ ಅಂತ ಕಾದೆ. ಕರೀದೆ ಬಂದ್ರೆ ನೀವು ಮೇಲೆ ಬರೋಕೆ ಬೇಜಾರು ಮಾಡ್ಕೊಂಡ್ರಿ ಅನ್ನೋ ಹಾಗಾಗುತ್ತೆ" ಅಂದರಂತೆ. ಇವರು ಕರೆಯದಿದ್ದದ್ದು ಒಪ್ಪಂದಕ್ಕೆ ಕಟ್ಟುಬಿದ್ದು. ಎರಡು ವರ್ಷ ಮಂಡಕ್ಕಿ ತಿಂದು ಮಲಗಿದ ಗಂಡ, ಎರಡು ವರ್ಷ ಕಾದ ಹೆಂಡತಿ. ಮಧ್ಯದಲ್ಲಿ ನಾನೊಬ್ಬ, ಕುದುರೆ ಹುಡುಕುತ್ತಿದ್ದವನು. ಕಾರು ಬ್ರೇಕ್ ಬಿಡುತ್ತಾ ಹಿಮ್ಮುಖವಾಗಿ ನನ್ನ ಪಕ್ಕಕ್ಕೆ ಬಂದಾಗ ಗುರುಶಾಂತಮ್ಮ ಕಿಟಕಿಯಿಂದ ಕೈ ಹಾಕಿ ನನಗೊಂದು ಹೋಳಿಗೆ ಕೊಟ್ಟರು. ನಾನು ಸರಪಳಿಗೆ ಜೋತುಬಿದ್ದೇ ತಿಂದೆ, ಕಣ್ಣಲ್ಲಿ ನೀರು ಬಂತು.

ಕತೆ ಇಲ್ಲಿಗೆ ಮುಗಿಯಬೇಕಿತ್ತು. ಮರುಳಪ್ಪನವರ ಕೆನ್ನೆ ತುಂಬಿಕೊಂಡಿತು. ಗಿರಣಿಯ ಹಿಂದಿನ ಮನೆಯಿಂದ ಒಗ್ಗರಣೆಯ ವಾಸನೆ ಬೀದಿಗೆಲ್ಲ ಹರಡುತ್ತಿತ್ತು. ಗುರುಶಾಂತಮ್ಮ ಮಾತ್ರ ಸಾಯಂಕಾಲ ಅಂಗಳದಲ್ಲಿ ಕೂತು ಮೇಲಕ್ಕೆ ನೋಡುತ್ತಿದ್ದರು. ಮೇಲ್ಪೇಟೆಯ ಕಾಳಿನ ಚೀಲಗಳ ಜೊತೆ ಚೀಟಿಗಳು ಬರುತ್ತಿದ್ದವು. ಮಗುವಿಗೆ ಜ್ವರ, ಏನು ಕೊಡಲಿ? ಬಾಣಂತಿಗೆ ತಲೆನೋವು, ಏನು ಮಾಡಲಿ? ಅವರು ಉತ್ತರ ಬರೆದು ಹಿಟ್ಟಿನ ಚೀಲದ ಜೊತೆ ಕಳಿಸುತ್ತಿದ್ದರು. ಒಂದು ದಿನವೂ ಬೇಸರ ಎಂದು ಬಾಯಿಬಿಡಲಿಲ್ಲ. ಮರುಳಪ್ಪನವರಿಗೆ ಅದೇ ಸಂಕಟ, "ಬೈದಿದ್ರೂ ಚೆನ್ನಾಗಿತ್ತು ಆಚಾರ್ರೇ" ಅನ್ನುತ್ತಿದ್ದರು.

ಶ್ರಾವಣ ಮುಗಿಯುವಾಗ ಜಯಶೀಲಳ ಚೀಟಿ ಬಂತು. ಅವಳು ಬಸುರಿ, ಮಾರ್ಗಶಿರಕ್ಕೆ ದಿನ ತುಂಬುತ್ತದೆ. ಕೊನೆಯ ಸಾಲು ಹೀಗಿತ್ತು: "ಅಕ್ಕಾ, ಎಲ್ಲರ ಹೆರಿಗೇನೂ ನಾನು ಮಾಡಿಸ್ತೀನಿ. ನನ್ನದನ್ನ ಯಾರು ಮಾಡಿಸ್ತಾರೆ?"

ಗುರುಶಾಂತಮ್ಮ ಆ ಚೀಟಿಯನ್ನು ಗಂಡನಿಗೆ ತೋರಿಸದೆ ಅಕ್ಕಿಡಬ್ಬದಲ್ಲಿ ಮುಚ್ಚಿಟ್ಟರು. ಅನ್ನಕ್ಕಿಡಲು ಹೋಗಿ ಮರುಳಪ್ಪನವರಿಗೆ ಸಿಕ್ಕಿತು. ಅವತ್ತೇ ಕಾರು ನನ್ನ ಶೆಡ್ಡಿಗೆ ಬಂತು. "ಇಬ್ರು ಹೋಗ್ಬೇಕು" ಅಂದರು. ನಾನು ತಲೆಯ ಮೇಲೆ ಕೈಹೊತ್ತೆ. ಒಬ್ಬರಿಗೇ ಐವತ್ತೊಂದು ಹೆಜ್ಜೆ ಹೋದ ಕಾರು ಅದು. ಹ್ಯಾಂಡ್ ಬ್ರೇಕನ್ನು ಮೊದಲೇ ಮತ್ತೆ ಜೋಡಿಸಿದ್ದೆ, ಇನ್ನು ಸತ್ತರೂ ಅದನ್ನು ತೆಗೆಯುವುದಿಲ್ಲವೆಂದು ಹೇಳಿದೆ. ಎಂಜಿನ್ನಿನ ಮುಚ್ಚಳದ ಅಡಿಭಾಗವನ್ನು ತೆಳ್ಳಗೆ ಉಜ್ಜಿ ಒಳಗಿನ ಒತ್ತಡ ಹೆಚ್ಚಿಸಿದೆ. ಎಂಜಿನ್ನಿನ ಬಲವನ್ನೇ ತಿನ್ನುವ ಫ್ಯಾನನ್ನು ತೆಗೆದೆ, ಅರವತ್ತು ಹೆಜ್ಜೆಗೆ ಎಂಜಿನ್ ಏನೂ ಸುಟ್ಟುಹೋಗುವುದಿಲ್ಲ. ಆಶ್ವಯುಜದ ಒಂದು ಬೆಳಿಗ್ಗೆ ಇಬ್ಬರೂ ಕೂತು ಹೊರಟರು. ಮೂವತ್ತೊಂಬತ್ತನೇ ಹೆಜ್ಜೆಗೆ ನಿಂತಿತು. ಗುರುಶಾಂತಮ್ಮ, "ಸಾಕು ಬಿಡಿ ಆಚಾರ್ರೇ, ಅದಕ್ಕೂ ವಯಸ್ಸಾಗಿದೆ" ಎಂದು ಬಾನೆಟ್ ಸವರಿದರು.

ಮಾರನೆಯ ದಿನ ನಾನು ಗಿರಣಿಗೆ ಹೋದೆ. "ಮರುಳಪ್ನೋರೇ, ಇನ್ನು ನನ್ನ ಕೈಯಲ್ಲಿ ಆಗಲ್ಲ. ಕುದುರೆ ಎಷ್ಟು ಬರಬೇಕೋ ಅಷ್ಟೂ ಬಂದಿವೆ. ಭಾರ ಕಳೆಯೋಣ ಅಂದ್ರೆ ಕಳೆಯೋಕೆ ಏನೂ ಇಲ್ಲ" ಅಂದೆ. ಅವರು ಗಿರಣಿ ನಿಲ್ಲಿಸಿದರು. ಕಾಳಿನ ಮೂಟೆ ತೂಗುವ ತಕ್ಕಡಿಯ ಹಲಗೆಯ ಮೇಲಿದ್ದ ಚೀಲವನ್ನು ಪಕ್ಕಕ್ಕೆ ಸರಿಸಿದರು. ಚಪ್ಪಲಿ ಬಿಟ್ಟು ತಾವೇ ಹತ್ತಿ ನಿಂತರು.

"ಎಷ್ಟಿದೆ ನೋಡಿ."

"ಎಂಬತ್ತೊಂದು."

"ಇದೊಂದು ಉಳಿದಿತ್ತಲ್ಲ. ನಾನು ಇಳೀತೀನಿ."

ಹಾಗೆಂದು ಹಲಗೆಯಿಂದ ಕೆಳಗೆ ಕಾಲಿಟ್ಟರು. ಬಾಗಿಲಲ್ಲಿ ಗುರುಶಾಂತಮ್ಮ ನಿಂತಿದ್ದರು. ಬಾಯಿಗೆ ಸೆರಗು ಅಡ್ಡ ಹಿಡಿದು, "ನನಗೆ ಕಾರು ಓಡಿಸೋಕೆ ಬರಲ್ಲ" ಅಂದರು. "ಕಲಿಸ್ತೀನಿ" ಅಂದರು ಮರುಳಪ್ಪ. ಮಾರ್ಗಶಿರಕ್ಕೆ ಏಳು ವಾರ ಇತ್ತು.

ಆ ಏಳು ವಾರ ಸಂತೆ ಮೈದಾನದಲ್ಲಿ ಊರಿಗೆಲ್ಲ ಪುಕ್ಕಟೆ ತಮಾಷೆ. ಮೂವತ್ತು ವರ್ಷ ಹೆರಿಗೆ ಮಾಡಿಸಿದ ಹೆಂಗಸು ಕ್ಲಚ್ಚಿಗೆ ಹೆದರುತ್ತಿದ್ದರು. ಮರುಳಪ್ಪನವರು ಗೋಣಿಚೀಲದ ಮೇಲೆ ಕೂತು, "ಮೆಲ್ಲಗೆ ಬಿಡು, ಮೆಲ್ಲಗೆ ಬಿಡು" ಎನ್ನುವುದು, ಕಾರು ಕಪ್ಪೆಯ ಹಾಗೆ ನೆಗೆದು ನಿಲ್ಲುವುದು. ಒಂದು ದಿನ ಸಿಟ್ಟಾಗಿ ಅವರು, "ನಾನು ಬಸುರಿಯರಿಗೆ ಇಷ್ಟು ಸಲ ಹೇಳಿಕೊಡಲ್ಲ, ನೀವು ಸುಮ್ನಿರಿ" ಎಂದು ಗಂಡನ ಬಾಯಿ ಮುಚ್ಚಿಸಿದರು. ಅವತ್ತಿನಿಂದ ಕಾರು ಸರಾಗವಾಗಿ ಓಡಿತು. ಆರನೇ ವಾರಕ್ಕೆ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಐದನೇ ತಿರುವಿನವರೆಗೆ ಹೋಗಿ ಬಂದರು. ನಾನು ಕಣ್ಣು ಮುಚ್ಚಿಕೊಂಡಿದ್ದೆ.

ಹೊರಡುವ ದಿನ ಮೈ ಕೊರೆಯುವ ಚಳಿ, ಎಂಜಿನ್ನಿಗೆ ಹೇಳಿ ಮಾಡಿಸಿದ ಹವೆ. ದಿಬ್ಬದ ಬುಡದಲ್ಲಿ ಗುರುಶಾಂತಮ್ಮ ಸ್ವೆಟರಿನ ಮೇಲೆ ಸೆರಗು ಬಿಗಿದು ಸ್ಟೀರಿಂಗ್ ಹಿಡಿದು ಕೂತಿದ್ದರು. ಮರುಳಪ್ಪನವರು ಕಿಟಕಿಯ ಹತ್ತಿರ ಬಗ್ಗಿ, ಐವತ್ತನೇ ಹೆಜ್ಜೆಯ ಮೇಲೆ ಸ್ವಲ್ಪ ಎಡಕ್ಕೆ ಹಿಡಿ, ಅಲ್ಲಿ ಬಲಗಡೆ ಕಲ್ಲು ಸಡಿಲ ಇದೆ ಎಂದು ಮೂರನೇ ಸಲ ಹೇಳಿದರು. ಅವರು ಹೂಂಗುಟ್ಟಿದರು. ಕಾರು ಹೊರಟು ಮೊದಲ ತಿರುವಿನಲ್ಲಿ ಮರೆಯಾಯಿತು. ಆಮೇಲೆ ಬರೀ ಸದ್ದು. ಮರುಳಪ್ಪನವರು ಕಣ್ಣು ಮುಚ್ಚಿ ಸದ್ದಿನಲ್ಲೇ ತಿರುವು ಎಣಿಸಿದರು. ಐದನೆಯದಾದ ಮೇಲೆ ಎಂಜಿನ್ ಅರಚಿಕೊಂಡಿತು. ಅರಚುತ್ತಾ ಅರಚುತ್ತಾ ಒಮ್ಮೆ ತಗ್ಗಿತು, ಮತ್ತೆ ಎದ್ದಿತು, ಇದ್ದಕ್ಕಿದ್ದ ಹಾಗೆ ನಿಂತುಹೋಯಿತು. ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಆಗ ಮೇಲಿನಿಂದ ಜನ ಹೋ ಎಂದು ಕೂಗಿದ್ದು ಕೇಳಿಸಿತು, ಹೆಂಗಸರು, ಮಕ್ಕಳು, ಎಲ್ಲರದ್ದೂ ದನಿ. ಗುರುಶಾಂತಮ್ಮ ಮೇಲೆ ಮುಟ್ಟಿದ್ದರು. ಇಳಿದವರೊಬ್ಬರು ತಿರುಗಿ ಹೋದದ್ದು ನಮ್ಮೂರಲ್ಲಿ ಅದೇ ಮೊದಲು.

ಮರುಳಪ್ಪನವರು ರಸ್ತೆಯ ಪಕ್ಕದ ಮೈಲಿಗಲ್ಲಿನ ಮೇಲೆ ಕೂತುಬಿಟ್ಟರು. ನಾನು ಬಹಳ ಹೊತ್ತು ತಡೆದುಕೊಂಡು ಕೊನೆಗೆ ಕೇಳಿದೆ.

"ಅಲ್ಲೇ ಉಳಿದುಬಿಟ್ರೆ?"

"ಉಳೀಲಿ. ಅವಳ ಮನೆ ಅದು."

"ನಿಮಗೆ?"

"ನನಗೆ ಹೊಟ್ಟೆ ಉರಿಯುತ್ತೆ ಆಚಾರ್ರೇ, ಸುಳ್ಳು ಯಾಕೆ ಹೇಳ್ಲಿ. ಆದ್ರೆ ಹೋಗೋಕೆ ದಾರಿ ಇಲ್ಲ ಅಂತ ನನ್ನ ಮನೇಲಿ ಕೂತಿದ್ದವಳ ಮುಖ ಈ ಏಳು ತಿಂಗಳು ನೋಡಿದೀನಿ. ಅದಕ್ಕಿಂತ ಈ ಉರಿನೇ ವಾಸಿ."

ಮರುದಿನ ಬುಟ್ಟಿಯಲ್ಲಿ ಚೀಟಿ ಬಂತು. ಹೆಣ್ಣು ಮಗು, ತಾಯಿ ಮಗು ಕ್ಷೇಮ ಎಂದಿತ್ತು. ಬೇರೇನೂ ಬರೆದಿರಲಿಲ್ಲ. ಮರುಳಪ್ಪನವರು ಗಿರಣಿ ತೆಗೆಯಲಿಲ್ಲ. ಊರಲ್ಲಿ ಹಿಟ್ಟು ಮುಗಿಯುತ್ತಾ ಬಂದರೂ ಯಾರೂ ಗೊಣಗಲಿಲ್ಲ. ಡಬ್ಬ ಕೊಡವಿ ತಟ್ಟಿದ ರೊಟ್ಟಿಗಳನ್ನು ತಂದು ಮೈಲಿಗಲ್ಲಿನ ಹತ್ತಿರ ಇಟ್ಟುಹೋಗುತ್ತಿದ್ದರು. ಅವರು ಬೆಳಗಾಗುತ್ತಲೇ ಬಂದು ಕೂರುವರು, ಕತ್ತಲಾದರೆ ಮನೆಗೆ ಹೋಗುವರು. ಮೂರು ದಿನ, ನಾಲ್ಕು ದಿನ, ಐದು ದಿನ. ನಾನೂ ಕೆಲಸ ಬಿಟ್ಟು ನಡುನಡುವೆ ಹೋಗಿ ಪಕ್ಕದಲ್ಲಿ ಕೂರುತ್ತಿದ್ದೆ.

ಆರನೇ ದಿನ ಮಧ್ಯಾಹ್ನ ಮರುಳಪ್ಪನವರು ಕೂತಲ್ಲೇ ತೂಕಡಿಸುತ್ತಿದ್ದರು. ಎಂಜಿನ್ ಸದ್ದಿಲ್ಲದೆ, ಬರೀ ಚಕ್ರದ ಕೆಳಗೆ ಜಲ್ಲಿ ಸಿಡಿಯುವ ಸದ್ದಿನಲ್ಲಿ, ಬೂದುಬಣ್ಣದ ಕಾರು ಮೊದಲ ತಿರುವು ದಾಟಿ ಬಂತು. ನಾನು ಅವರ ಭುಜ ಅಲ್ಲಾಡಿಸಿದೆ. ಅವರು ಎದ್ದು ನಿಲ್ಲುವಷ್ಟರಲ್ಲಿ ಅದು ಮುಂದೆ ಬಂದು ನಿಂತಿತ್ತು. ಗುರುಶಾಂತಮ್ಮನ ಕಣ್ಣುಗಳು ನಿದ್ದೆಗೆಟ್ಟು ಕೆಂಪಗಿದ್ದವು. ಅವರು ಮರುಳಪ್ಪನವರ ಕೆದರಿದ ಗಡ್ಡವನ್ನೂ, ಮೈಲಿಗಲ್ಲಿನ ಸುತ್ತ ಬಿದ್ದಿದ್ದ ರೊಟ್ಟಿಯ ಚೂರುಗಳನ್ನೂ ನೋಡಿದರು. ಆಮೇಲೆ ಈ ಕಡೆಗೆ ಬಗ್ಗಿ ಒಳಗಿನಿಂದಲೇ ಬಾಗಿಲು ತಳ್ಳಿದರು.

"ಹತ್ತಿ" ಅಂದರು.